ಉಸಿರಿನ ಪರೀಕ್ಷೆಯಲ್ಲಿ ನಪಾಸಾದ ಅಪ್ಪನಿಗೆ

ಪ್ರೀತಿಯ ಅಪ್ಪ,

ಮೇಲ್ಮನವಿ ಮಂಡಳಿಯ ಆದೇಶ ಕೈಗೆ ಬಂದು ಇವತ್ತಿಗೆ ಹತ್ತೊಂಬತ್ತು ದಿನ. ಈ ಹತ್ತೊಂಬತ್ತು ದಿನಗಳಲ್ಲಿ ನೀವು ನನ್ನನ್ನು ಮೂರು ಸಲ ಕೇಳಿದ್ದೀರಿ, "ಅವತ್ತು ನನ್ನ ಹೊರಗೆ ಕಳಿಸಿದ್ಮೇಲೆ ಒಳಗೆ ಏನ್ ಹೇಳ್ದೆ?" ಎಂದು. ಮೊದಲ ಸಲ ನಾನು "ಏನಿಲ್ಲಪ್ಪ, ಫಾರಂ ವಿಷ್ಯ" ಎಂದೆ. ಎರಡನೇ ಸಲ ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಎದ್ದು ಹೋದೆ. ಒಲೆಯ ಮೇಲೆ ಹಾಲಿರಲಿಲ್ಲ. ಮೊನ್ನೆ ಭಾನುವಾರ ಮೂರನೇ ಸಲ ಕೇಳಿದಾಗ ನೀವು ನನ್ನ ಮುಖವನ್ನೇ ನೋಡುತ್ತಾ ಕುಳಿತುಬಿಟ್ಟಿರಿ. ಅಡುಗೆಮನೆಯಿಂದ ಅಮ್ಮ, "ಹೇಳ್ಬಿಡೇ, ಇಲ್ಲಾಂದ್ರೆ ಕೋರ್ಟ್ ಮಾರ್ಷಲ್ ಮಾಡ್ತಾರೆ ಇವರು" ಎಂದಳು. ನಾನು ನಕ್ಕೆ. ನೀವು ನಗಲಿಲ್ಲ.

ಎದುರಿಗೆ ಕುಳಿತು ಹೇಳುವ ಧೈರ್ಯ ನನಗಿಲ್ಲ. ಅದಕ್ಕೆ ಶಾಲೆಯ ಸ್ಟಾಫ್ ರೂಮಿನಲ್ಲಿ, ಪಾಠವಿಲ್ಲದ ಎರಡು ಪೀರಿಯಡ್‌ಗಳಲ್ಲಿ ಬರೆಯುತ್ತಿದ್ದೇನೆ. ಪಕ್ಕದಲ್ಲಿ ತಿದ್ದಬೇಕಾದ ಲೆಕ್ಕದ ಪೇಪರುಗಳ ಕಟ್ಟಿದೆ. ಸೈನ್ಯದಲ್ಲಿದ್ದಾಗ ನೀವು ನನಗೆ ಬರೆಯುತ್ತಿದ್ದುದು ಮನೆಮಾತಿನಲ್ಲಿ. ಇಂಗ್ಲಿಷ್ ಶಾಲೆಯ ಹುಡುಗಿಯಾದ ನಾನು ಉತ್ತರ ಬರೆಯುತ್ತಿದ್ದುದು ಇಂಗ್ಲಿಷಿನಲ್ಲಿ. ಅದನ್ನು ನಿಮಗೆ ಯಾರೋ ಗುಮಾಸ್ತರು ಓದಿ ಹೇಳುತ್ತಿದ್ದರಂತೆ. ನನ್ನ ಮಾತು ಬೇರೆಯವರ ಬಾಯಿಂದ ನಿಮಗೆ ಹೇಗೆ ಕೇಳಿಸುತ್ತಿತ್ತೋ ಎಂದು ಆಗ ನಾನು ಯೋಚಿಸಿರಲಿಲ್ಲ. ಈ ಕಾಗದವನ್ನು ನೀವೇ ಓದಿಕೊಳ್ಳಬಹುದು. ತಪ್ಪುಗಳಿದ್ದರೆ ತಿದ್ದಬೇಡಿ, ತಿದ್ದುವುದು ನನ್ನ ಕಸುಬು.

ಒಳಗೆ ಹೇಳಿದ್ದನ್ನು ಹೇಳುವ ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಿಮ್ಮ ಮೊದಲ ಅರ್ಜಿ ತಿರಸ್ಕೃತವಾದದ್ದು ನನ್ನಿಂದ.

ಇಪ್ಪತ್ತೆರಡು ವರ್ಷ ನೀವು ಸೈನ್ಯದ ಗಾಡಿಗಳ ಮೆಕ್ಯಾನಿಕ್. ಅದರಲ್ಲಿ ಹನ್ನೊಂದು ಚಳಿಗಾಲ ಆ ಎತ್ತರದ ಶಿಬಿರದಲ್ಲಿ. ಎಣ್ಣೆ ಹೆಪ್ಪುಗಟ್ಟಬಾರದೆಂದು ಎರಡೆರಡು ಗಂಟೆಗೊಮ್ಮೆ ಎಲ್ಲ ಎಂಜಿನ್‌ಗಳನ್ನು ಚಾಲೂ ಮಾಡಿ ಬಿಸಿಯಾಗಿಡಬೇಕು, ಬಿಸಿ ಹೊರಹೋಗದಂತೆ ಶೆಡ್ಡಿನ ಬಾಗಿಲು ಮುಚ್ಚಿರಬೇಕು ಎಂಬುದು ಅಲ್ಲಿಯ ಆಜ್ಞೆ. ಹದಿನಾಲ್ಕು ಲಾರಿಗಳ ಹೊಗೆ, ಮುಚ್ಚಿದ ಬಾಗಿಲು, ಅದರೊಳಗೆ ನಿಮ್ಮ ಹಾಸಿಗೆ. ರಜೆಗೆ ಬಂದಾಗ ನಿಮ್ಮ ಕರವಸ್ತ್ರಗಳನ್ನು ಅಮ್ಮ ಎಷ್ಟು ಕುದಿಸಿದರೂ ಬೆಳ್ಳಗಾಗುತ್ತಿರಲಿಲ್ಲ. "ನಿಮ್ಮಪ್ಪ ಮೂಗಲ್ಲಿ ಡಾಂಬರು ತರ್ತಾರೆ" ಎಂದು ಅವಳು ಬೈಯುತ್ತಿದ್ದುದು ನನಗೆ ನೆನಪಿದೆ. ಆಗಿನಿಂದಲೇ ಕೆಮ್ಮು. ನಿವೃತ್ತಿಯಾದ ಮೇಲೆ ಅದಕ್ಕೆ ಬ್ರಾಂಕೈಟಿಸ್ ಎಂಬ ಹೆಸರು ಬಂತು, ಎದೆಯಲ್ಲಿ ಸೀಟಿ ಬಂತು, ಕಿಸೆಯಲ್ಲಿ ಇನ್ಹೇಲರ್ ಬಂತು. ಹಿಂದಿನ ಚಳಿಗಾಲದಲ್ಲಿ ಎರಡು ಸಲ ಆಸ್ಪತ್ರೆ ಸೇರಿದಿರಿ. ಸರಿಯಾದ ಚಿಕಿತ್ಸೆಯಿಲ್ಲದೆ ಮುಂದಿನ ಚಳಿ ಕಷ್ಟ ಎಂದು ಬೀದಿಯ ಕೊನೆಯ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಮಾಜಿ ಸೈನಿಕರ ಆಸ್ಪತ್ರೆಯ ಶ್ವಾಸಕೋಶದ ವಿಭಾಗಕ್ಕೆ ಸೇರಿಸಿಕೊಳ್ಳಲು, ಮನೆಗೆ ಆಮ್ಲಜನಕದ ಯಂತ್ರ ಕೊಡಲು, ಈ ಕಾಯಿಲೆ ಸೇವೆಯಿಂದಲೇ ಬಂದದ್ದು ಎಂಬ ಪ್ರಮಾಣಪತ್ರ ಬೇಕಿತ್ತು. ಅದಕ್ಕಾಗಿ ನಾವು ಅಂಗವೈಕಲ್ಯ ಪಿಂಚಣಿಗೆ ಅರ್ಜಿ ಹಾಕಿದೆವು. ಮೆಡಿಕಲ್ ಬೋರ್ಡಿಗೆ ಬನ್ನಿ, ಉಸಿರಿನ ಪರೀಕ್ಷೆಯಿದೆ ಎಂದು ಅವರು ಬರೆದರು.

ಪರೀಕ್ಷೆ. ಆ ಒಂದು ಪದ ನೋಡಿದ್ದೇ ತಡ, ಈ ಮನೆಯ ಇಬ್ಬರಿಗೂ ತಲೆ ಕೆಟ್ಟಿತು.

ಸೈನ್ಯದಲ್ಲಿ ಪ್ರತಿ ವರ್ಷ ನೀವು ವೈದ್ಯಕೀಯ ಪರೀಕ್ಷೆಗೆ ನಿಂತವರು. ಅಲ್ಲಿ ನಪಾಸಾದವರ ದರ್ಜೆ ಇಳಿಯುತ್ತಿತ್ತು, ಕೆಲಸ ಬದಲಾಗುತ್ತಿತ್ತು, ಕೆಲವರು ಮನೆಗೇ ಬರುತ್ತಿದ್ದರು. ಹಾಗಾಗಿ ಡಾಕ್ಟರ ಮುಂದೆ ಎದೆ ಉಬ್ಬಿಸುವುದು ನಿಮಗೆ ರಕ್ತದಲ್ಲೇ ಬಂದ ವಿದ್ಯೆ. ನಾನಾದರೋ ಮಕ್ಕಳನ್ನು ಪರೀಕ್ಷೆಗೆ ತಯಾರು ಮಾಡಿ ಅದರಲ್ಲೇ ಅನ್ನ ತಿನ್ನುವವಳು. ಒಬ್ಬರಾದರೂ ನಿಂತು, ಈ ಪರೀಕ್ಷೆಯಲ್ಲಿ ಪಾಸಾದರೆ ನಮಗೆ ನಷ್ಟ ಎಂದು ಯೋಚಿಸಲಿಲ್ಲ. ಶಾಲೆಯ ವಾರ್ಷಿಕೋತ್ಸವದಲ್ಲಿ ಉಳಿದಿದ್ದ ಬಲೂನಿನ ಪೊಟ್ಟಣ ತಂದವಳು ನಾನು. ಮೂರು ವಾರ, ದಿನಾ ಸಂಜೆ, ನೀವು ಊದುವುದು, ನಾನು ಗಡಿಯಾರ ಹಿಡಿಯುವುದು. ಕ್ಯಾಲೆಂಡರಿನ ಚೌಕಗಳಲ್ಲಿ ಸೆಕೆಂಡುಗಳನ್ನು ಬರೆದೆ. ನಾಲ್ಕು, ಐದು, ಐದು, ಏಳು. "ಪರವಾಗಿಲ್ಲ ಅಪ್ಪ, ಇಂಪ್ರೂವ್‌ಮೆಂಟ್ ಇದೆ" ಎಂದು ಷರಾ ಬೇರೆ. ಅಮ್ಮ ಬಾಗಿಲಲ್ಲಿ ನಿಂತು, "ಇದೇನು, ಅರವತ್ತೊಂಬತ್ತು ತುಂಬಿದ್ಮೇಲೆ ಹುಟ್ಟುಹಬ್ಬಕ್ಕೆ ರಿಹರ್ಸಲ್ಲಾ?" ಎಂದಿದ್ದಳು.

ಪರೀಕ್ಷೆಯ ದಿನ ಬೆಳಿಗ್ಗೆ ನೀವು ಗಡ್ಡ ಹೆರೆದು, ಶೂಗೆ ಪಾಲಿಶ್ ಹೊಡೆದು, ಆಸ್ಪತ್ರೆಯ ಶೌಚಾಲಯಕ್ಕೆ ಹೋಗಿ ಬಂದಿರಿ. ಒಳಗೆ ಇನ್ಹೇಲರನ್ನು ನಾಲ್ಕು ಸಲ ಎಳೆದುಕೊಂಡಿದ್ದಿರಿ ಎಂದು ಆಮೇಲೆ ವಾಪಸ್ ಬರುವಾಗ ಬಸ್ಸಿನಲ್ಲಿ ಹೇಳಿದಿರಿ, ಕಣ್ಣು ಮಿಟುಕಿಸಿ. ನನಗೆ ಹೆಮ್ಮೆಯಾಗಿತ್ತು. ಎಪ್ಪತ್ತರ ಹತ್ತಿರದ ಮುದುಕ ಯಂತ್ರಕ್ಕೇ ಟೋಪಿ ಹಾಕಿದ ಎಂದು ಇಬ್ಬರೂ ನಗುತ್ತಾ ಬಂದೆವು.

ಎರಡು ತಿಂಗಳಿಗೆ ಉತ್ತರ ಬಂತು. ಅರ್ಜಿದಾರರು ಹೊಗೆಯಲ್ಲಿ ಕೆಲಸ ಮಾಡಿದ್ದು ದಾಖಲೆಯಿಂದ ಸಾಬೀತಾಗಿದೆ, ಆದರೆ ಶ್ವಾಸಕೋಶದ ಕಾರ್ಯ ಅವರ ವಯಸ್ಸಿಗೆ ಸಾಮಾನ್ಯ ಮಟ್ಟದಲ್ಲಿದೆ, ಆದ್ದರಿಂದ ಅಂಗವೈಕಲ್ಯವಿಲ್ಲ. ಆ ಸಾಲನ್ನು ನಾನು ನಾಲ್ಕು ಸಲ ಓದಿದೆ. ನಾಲ್ಕನೇ ಸಲ ಕ್ಯಾಲೆಂಡರಿನ ಕಡೆ ನೋಡಿದೆ. ನೀವು ಮಾತ್ರ, "ಹೋಗ್ಲಿ ಬಿಡು, ಸಾಮಾನ್ಯ ಅಂತ ಬರ್ದಿದಾರಲ್ಲ, ಒಳ್ಳೇದೇ ಅಲ್ವಾ?" ಎಂದಿರಿ. ಹಾಗೆ ಹೇಳುವಷ್ಟರಲ್ಲಿ ನಡುವೆ ಎರಡು ಸಲ ನಿಂತಿರಿ.

ಮೇಲ್ಮನವಿಗೆ ಒಂದೇ ಅವಕಾಶವಿತ್ತು. ಅದು ಹೋದರೆ ಮುಂದೆ ಬಾಗಿಲಿಲ್ಲ. ಅರ್ಜಿಯನ್ನು ನಾನೇ ಬರೆದೆ. ಆದರೆ ಬಲೂನಿನ ವಿಷಯ ಅದರಲ್ಲಿ ಬರೆಯಲಿಲ್ಲ. ಯಾಕೆ ಬರೆಯಲಿಲ್ಲ ಎಂದು ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ನಿಮ್ಮ ಮರ್ಯಾದೆ ಕಾಯಲು ಎಂದುಕೊಂಡಿದ್ದೆ. ಈಗ ನೋಡಿದರೆ ಕಾಯುತ್ತಿದ್ದದ್ದು ನನ್ನದನ್ನು. ಓದಿದವಳು, ಟೀಚರು, ಇಷ್ಟು ದಡ್ಡ ಕೆಲಸ ಮಾಡಿದಳು ಎಂದು ಮೂವರು ಅಪರಿಚಿತರ ಮುಂದೆ ಹೇಗೆ ಬರೆಯಲಿ?

ವಿಚಾರಣೆಯ ದಿನ ಆ ಕೋಣೆ ನಿಮಗೆ ನೆನಪಿರಬೇಕು. ಉದ್ದನೆಯ ಮೇಜು, ಮೂರು ನೀರಿನ ಲೋಟ, ಕಿಟಕಿಗೆ ಹಸಿರು ಪರದೆ. ನಡುವೆ ಬಿಳಿ ಮೀಸೆಯ ಅಧ್ಯಕ್ಷರು, ನಿವೃತ್ತ ಅಧಿಕಾರಿ. ಬಲಗಡೆ ಡಾಕ್ಟರಮ್ಮ. ಎಡಗಡೆಯವರು ನೀವು ಒಳಗಿದ್ದಷ್ಟು ಹೊತ್ತೂ ಫೈಲಿನಿಂದ ತಲೆ ಎತ್ತಲಿಲ್ಲ. ಅಧ್ಯಕ್ಷರು ಸೌಜನ್ಯಕ್ಕೆ, "ಕೂತ್ಕೊಳ್ಳಿ. ಹೇಗಿದೀರಾ?" ಎಂದರು. ನೀವು ಕುಳಿತವರು ಮತ್ತೆ ಎದ್ದು ಅಟೆನ್ಷನ್ ನಿಂತು, "ಚೆನ್ನಾಗಿದೀನಿ ಸರ್!" ಎಂದಿರಿ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಚೆನ್ನಾಗಿದ್ರೆ ಇಲ್ಲಿಗ್ಯಾಕೆ ಬಂದ್ರಿ?"

"ಮಗಳು ಕರ್ಕೊಂಡ್ಬಂದ್ಲು ಮೇಡಂ."

ಅವರು ನಕ್ಕರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮೆಟ್ಟಿಲು ಹತ್ತೋಕಾಗುತ್ತಾ ಎಂದರು, ಆಗುತ್ತೆ ಎಂದಿರಿ. ನಿದ್ದೆ ಬರುತ್ತಾ ಎಂದರು, ಬರುತ್ತೆ ಎಂದಿರಿ. ನಾನು ಮೇಜಿನ ಕೆಳಗೆ ನಿಮ್ಮ ಕಾಲು ತುಳಿದೆ. ನೀವು ಕಾಲು ಹಿಂದಕ್ಕೆಳೆದುಕೊಂಡಿರಿ. ಆಮೇಲೆ ನಿಮಗೆ ಕೆಮ್ಮು ಬಂತು, ಎರಡು ನಿಮಿಷ ಬಿಡಲಿಲ್ಲ. ಕಣ್ಣೊರೆಸಿಕೊಂಡು, "ಧೂಳು ಮೇಡಂ" ಎಂದಿರಿ. ಕನ್ನಡಿಯ ಹಾಗೆ ಒರೆಸಿದ ಮೇಜು ಅದು. ಆಗ ಡಾಕ್ಟರಮ್ಮ ಜವಾನನನ್ನು ಕರೆದು, ಇವರಿಗೆ ಹೊರಗೆ ಬಿಸಿನೀರು ಕೊಡಿ, ಸ್ವಲ್ಪ ಹೊತ್ತು ಕೂರಿಸಿ ಎಂದರು. ನೀವು ನನ್ನ ಕಡೆ ತಿರುಗಿ ನೋಡಿ ಹೋದಿರಿ. ಆ ನೋಟ ಏನು ಹೇಳುತ್ತಿತ್ತೆಂದು ನನಗೆ ಗೊತ್ತು. ಬಾಯಿ ಮುಚ್ಚಿಕೊಂಡಿರು ಎಂದು.

ನಾನು ಬಾಯಿ ಮುಚ್ಚಿಕೊಂಡಿರಲಿಲ್ಲ, ಅಪ್ಪ. ಬಾಗಿಲು ಹಾಕಿಕೊಂಡ ಕೂಡಲೇ ಎದ್ದು ನಿಂತು ನಾನು ಹೇಳಿದ ಮೊದಲ ಮಾತು, "ನಮ್ಮಪ್ಪ ಈಗ ಹೇಳಿದ್ದೆಲ್ಲ ಸುಳ್ಳು."

ನಲವತ್ತನಾಲ್ಕು ವರ್ಷದಲ್ಲಿ ನಿಮ್ಮನ್ನು ಸುಳ್ಳುಗಾರ ಎಂದು ಕರೆದದ್ದು ಅದೇ ಮೊದಲು. ಒಮ್ಮೆ ಶುರುವಾದ ಮೇಲೆ ನಿಲ್ಲಿಸಲು ಆಗಲಿಲ್ಲ. ನಮ್ಮ ಮನೆಗೆ ಹದಿನೇಳು ಮೆಟ್ಟಿಲು, ಒಂಬತ್ತನೆಯದರಲ್ಲಿ ದಿನಾ ನಿಮ್ಮ ಶೂ ಲೇಸು ಬಿಚ್ಚಿಕೊಳ್ಳುತ್ತದೆ ಎಂದೆ. ಇಪ್ಪತ್ತೆರಡು ವರ್ಷ ಬೂಟು ಕಟ್ಟಿದವರಿಗೆ ಗಂಟು ಹಾಕಲು ಬರುವುದಿಲ್ಲವೇ ಸರ್ ಎಂದು ನಾನೇ ಕೇಳಿದೆ. ಎರಡು ವರ್ಷದಿಂದ ನೀವು ಹಾಸಿಗೆಯಲ್ಲಿ ಮಲಗಿಲ್ಲ, ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ದಿಂಬು ತಬ್ಬಿಕೊಂಡು ಕೂರುತ್ತೀರಿ, ಅಮ್ಮ ಎಚ್ಚರವಾದರೆ ಪೇಪರು ಓದುವವರಂತೆ ನಟಿಸುತ್ತೀರಿ, ದೀಪ ಹಚ್ಚದೆ ಪೇಪರು ಓದುತ್ತೀರಿ ಎಂದೆ. ಸ್ನಾನದ ಮನೆಯಲ್ಲಿ ಸ್ಟೂಲು ಇಟ್ಟುಕೊಂಡಿರುವುದನ್ನೂ ಹೇಳಿದೆ. ಅದನ್ನು ಹೇಳಬಾರದಿತ್ತೇನೋ.

ಇನ್ನೊಂದು ಮಾತು, ಹೇಳುತ್ತಾ ಹೇಳುತ್ತಾ ನನಗೇ ಹೊಳೆದದ್ದು. ನಾಲ್ಕೈದು ವರ್ಷದಿಂದ ನೀವು ನನ್ನ ಜೊತೆ ತುಂಡು ತುಂಡಾಗಿ ಮಾತಾಡುತ್ತಿದ್ದಿರಿ. ಹೂಂ, ಸರಿ, ಹೋಗು, ನೋಡೋಣ. ನನ್ನ ಸಂಸಾರ ಮುರಿದು ನಾನು ವಾಪಸ್ ಬಂದದ್ದು ನಿಮಗೆ ಸಿಟ್ಟು, ಅದಕ್ಕೇ ಹೀಗೆ ಎಂದು ನಾನು ನಂಬಿದ್ದೆ. ಎಷ್ಟೋ ಸಂಜೆ ಅದನ್ನೇ ಮೆಲುಕು ಹಾಕಿ ನಿಮ್ಮ ಮೇಲೆ ಮುನಿಸಿಕೊಂಡಿದ್ದೆ. ಆ ಕೋಣೆಯಲ್ಲಿ ನಿಂತು, "ಅವರು ಮೂರು ಪದಕ್ಕಿಂತ ಹೆಚ್ಚು ಒಟ್ಟಿಗೆ ಆಡಲ್ಲ ಮೇಡಂ" ಎನ್ನುವಾಗ ನನ್ನ ಮಾತು ಅಲ್ಲೇ ನಿಂತಿತು. ಸಿಟ್ಟಲ್ಲ. ಉಸಿರು ಸಾಲುತ್ತಿರಲಿಲ್ಲ. ಲೆಕ್ಕದ ಟೀಚರಿಗೆ ಇಷ್ಟು ಸಣ್ಣ ಲೆಕ್ಕ ಬಗೆಹರಿಯಲು ಮೂವರು ಅಧಿಕಾರಿಗಳ ಎದುರು ನಿಲ್ಲಬೇಕಾಯಿತು.

ಆಮೇಲೆ ಬಲೂನಿನ ವಿಷಯ ಹೇಳಿದೆ. ಇನ್ಹೇಲರಿನದ್ದೂ. ಎಡಗಡೆಯವರು ಮೊದಲ ಬಾರಿಗೆ ಫೈಲಿನಿಂದ ತಲೆಯೆತ್ತಿದರು. ನಾನು ಬೈಗುಳಕ್ಕೆ ಸಿದ್ಧಳಾಗಿದ್ದೆ. ಡಾಕ್ಟರಮ್ಮ ಕನ್ನಡಕ ತೆಗೆದು, "ನೀವೊಬ್ರೇ ಅಲ್ಲಮ್ಮ. ಇವರೆಲ್ಲ ಹೀಗೇ. ಕಾಯಿಲೆ ತೋರಿಸೋಕೆ ಬನ್ನಿ ಅಂದ್ರೆ ಕಾಯಿಲೆ ಮುಚ್ಚಿಟ್ಟು ಪಾಸಾಗಿ ಹೋಗ್ತಾರೆ. ಆದ್ರೆ ಬಲೂನು ಇದೇ ಮೊದಲು" ಎಂದರು. ಅಧ್ಯಕ್ಷರು ನಗಲಿಲ್ಲ. ನಿಮ್ಮ ಸೇವಾದಾಖಲೆಯ ಒಂದು ಪುಟವನ್ನು ತುಂಬ ಹೊತ್ತು ನೋಡಿ, "ಚಳಿಗಾಲದಲ್ಲಿ ಶೆಡ್ ಬಾಗಿಲು ಮುಚ್ಚಿಡಿ ಅಂತ ನಾನೂ ಆರ್ಡರ್ ಕೊಟ್ಟಿದೀನಿ. ಬೇರೆ ಶಿಬಿರದಲ್ಲಿ. ಗಾಡಿಗಳ ಚಿಂತೆ ಇತ್ತು ನಮಗೆ" ಎಂದರು. ಅಷ್ಟೇ.

ಹೊಸ ಪರೀಕ್ಷೆಗೆ ಮುಂದಿನ ಬುಧವಾರ ನಿಗದಿಯಾಯಿತು. ಆ ದಿನ ಬೆಳಿಗ್ಗೆ ಎದ್ದಾಗಿನಿಂದ ಇನ್ಹೇಲರ್ ತೆಗೆದುಕೊಳ್ಳಬಾರದು ಎಂದು ಡಾಕ್ಟರಮ್ಮ ನಿಮ್ಮನ್ನು ಒಳಗೆ ಕರೆದು ಹೇಳಿದರಲ್ಲ, ಅದಕ್ಕೆ ಮೊದಲು ನನಗೆ ಬೇರೆಯಾಗಿ ಹೇಳಿದ್ದರು: "ನಾನು ಹೇಳಿದ್ರೆ 'ಸರಿ ಮೇಡಂ' ಅಂತಾರೆ, ಬಾತ್‌ರೂಮಿಗೆ ಹೋಗಿ ಒತ್ಕೊಂಡು ಬರ್ತಾರೆ. ನೀವು ನೋಡ್ಕೊಳ್ಳಿ. ಆದ್ರೆ ಕಷ್ಟ ಜಾಸ್ತಿ ಆದ್ರೆ ಒಂದ್ ನಿಮಿಷ ಕಾಯ್ಬೇಡಿ, ಕೊಟ್ಬಿಡಿ. ಪರೀಕ್ಷೆ ಇನ್ನೊಂದಿನ ಮಾಡೋಣ." ನೀವು ಅವರೆದುರು "ಸರಿ ಮೇಡಂ" ಎಂದಿರಿ, ಅವರು ಹೇಳಿದ ಧಾಟಿಯಲ್ಲೇ. ನಾನು ಪರದೆಯ ಕಡೆ ನೋಡಿದೆ.

ಅದಕ್ಕೆ ಬುಧವಾರ ಬೆಳಿಗ್ಗೆ ನೀವು ಹಲ್ಲುಜ್ಜಲು ಹೋದಾಗ ಕುರ್ಚಿಯ ಮೇಲಿನ ದಿಂಬಿನ ಕೆಳಗಿದ್ದ ಇನ್ಹೇಲರನ್ನು ನಾನೇ ಎತ್ತಿಟ್ಟುಕೊಂಡೆ.

ನೀವು ಅಂಗಿಯ ಕಿಸೆ ತಡಕಿದಿರಿ, ಕೋಟಿನ ಕಿಸೆ ತಡಕಿದಿರಿ, ಪೇಪರು ಎತ್ತಿ ನೋಡಿದಿರಿ. ಅಮ್ಮನಿಗೆ ಏನೂ ಗೊತ್ತಿರಲಿಲ್ಲ, ಪಾಪ, ಅವಳೂ ಮಂಚದ ಕೆಳಗೆ ಬಗ್ಗಿ ಹುಡುಕಿದಳು. "ಕನ್ನಡಕ ಹಣೆ ಮೇಲಿಟ್ಕೊಂಡು ಮನೆಯೆಲ್ಲಾ ಜಾಲಾಡೋರು, ಆ ಪುಸ್‌ಪುಸ್ ಎಲ್ಲಿಟ್ರೋ ಏನೋ" ಎಂದಳು. ನಾನು ಹೊತ್ತಾಯಿತು ಎಂದು ಆತುರ ಮಾಡಿದೆ. ಟ್ಯಾಕ್ಸಿಯಲ್ಲಿ ನೀವು, "ದಾರೀಲಿ ಔಷಧಿ ಅಂಗಡಿ ಇದ್ರೆ, ನಿಲ್ಸು" ಎಂದಿರಿ. ನಾನು "ತಡ ಆಗುತ್ತಪ್ಪ" ಎಂದೆ. ಎರಡು ಔಷಧಿ ಅಂಗಡಿ ದಾಟಿದೆವು. ನನ್ನ ಕೈ ಚೀಲದೊಳಗೇ ಇತ್ತು, ಬೆರಳು ಇನ್ಹೇಲರಿನ ಗುಂಡಿಯ ಮೇಲೆ. ಆಸ್ಪತ್ರೆಯ ಆ ಉದ್ದ ಪಡಸಾಲೆಯಲ್ಲಿ ನೀವು ಗೋಡೆ ಹಿಡಿದು ನಡೆದಿರಿ. ನಾಲ್ಕು ಹೆಜ್ಜೆ, ನಿಲ್ಲುವುದು. ಮೂರು ಹೆಜ್ಜೆ, ನಿಲ್ಲುವುದು. ನಾನು ನಿಮ್ಮ ತುಟಿಯ ಬಣ್ಣ ನೋಡುತ್ತಾ ಬಂದೆ. ಇನ್ನೊಂದು ಸಲ ನಿಂತರೆ ಕೊಟ್ಟುಬಿಡುತ್ತೇನೆ, ಮಂಡಳಿ, ಪ್ರಮಾಣಪತ್ರ ಎಲ್ಲ ಹಾಳಾಗಿ ಹೋಗಲಿ ಎಂದುಕೊಂಡೆ. ನೀವು ನಿಂತಿರಿ. ನಾನು ಕೊಡಲಿಲ್ಲ. ಅಷ್ಟರಲ್ಲಿ ನಮ್ಮ ಹೆಸರು ಕರೆದರು. ಆ ಒಂದು ನಿಮಿಷದಲ್ಲಿ ನಾನು ಮಾಡಿದ್ದು ಸರಿಯೋ ತಪ್ಪೋ, ಗೆದ್ದ ಮೇಲೂ ನನಗೆ ಗೊತ್ತಾಗಿಲ್ಲ. ಗೆದ್ದದ್ದರಿಂದ ಸರಿಯಾಯಿತು ಎನ್ನಲು ಮನಸ್ಸು ಒಪ್ಪುವುದಿಲ್ಲ.

ಒಳಗೆ ಯಂತ್ರದ ಹುಡುಗಿ, "ಜೋರಾಗಿ ಊದಿ ಅಜ್ಜ, ಊದಿ, ಊದಿ, ಇನ್ನೂ, ಇನ್ನೂ" ಎಂದು ಕೂಗುತ್ತಿದ್ದಳು. ನಿಮ್ಮ ಮುಖ ಕೆಂಪಾಯಿತು, ಕುತ್ತಿಗೆಯ ನರ ಉಬ್ಬಿತು, ಗಾಳಿ ಬರಲಿಲ್ಲ. ಮೂರು ಸಲ. ಮೂರನೆಯದಾದ ಮೇಲೆ ನೀವು ಆ ಹುಡುಗಿಗೆ ಹೇಳಿದಿರಿ, "ಸಾರಿ ಕಣಮ್ಮ. ಇನ್ನೊಂದ್ ಚಾನ್ಸ್ ಕೊಡು. ಸರಿಯಾಗಿ ಊದ್ತೀನಿ." ಅವಳು, "ಬೇಡ ಅಜ್ಜ, ಸಾಕು, ಆಯ್ತು" ಎಂದಳು. ನೀವು ನನ್ನ ಕಡೆ ತಿರುಗಿದಿರಿ. ಪರೀಕ್ಷೆಯ ಹಾಲಿನಿಂದ ಹೊರಬರುವ ಮಕ್ಕಳ ಮುಖ ನಾನು ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ. ನಿಮ್ಮ ಮುಖದಲ್ಲಿ ಅದನ್ನು ನೋಡಲು ತಯಾರಿರಲಿಲ್ಲ. ತಕ್ಷಣ ಇನ್ಹೇಲರ್ ತೆಗೆದು ಕೊಟ್ಟೆ. ಎಳೆದುಕೊಂಡು, ಸುಧಾರಿಸಿಕೊಂಡು, "ಎಲ್ಲಿತ್ತು?" ಎಂದಿರಿ. "ಚೀಲದಲ್ಲೇ ಇತ್ತಪ್ಪ" ಎಂದೆ. ಅದು ಸುಳ್ಳಲ್ಲ. ನಿಜವೂ ಅಲ್ಲ.

ಆದೇಶ ಬಂದ ದಿನ ಲಕೋಟೆ ಒಡೆದವರು ನೀವು. ಸೇವೆಯ ಕಾರಣದಿಂದ ಬಂದ ದೀರ್ಘಕಾಲದ ಬ್ರಾಂಕೈಟಿಸ್, ಮೇಲ್ಮನವಿ ಪುರಸ್ಕೃತ, ಅಂಗವೈಕಲ್ಯ ಶೇಕಡಾ ಅರವತ್ತು. ನೀವು ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಏನ್ ಮೇಷ್ಟ್ರಮ್ಮ, ಅರವತ್ತು! ಫಸ್ಟ್ ಕ್ಲಾಸ್" ಎಂದಿರಿ. ಅಮ್ಮ ನಗುತ್ತಾ ನಗುತ್ತಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವಳು ಅಳುತ್ತಿದ್ದಾಳೆಂದು ಗೊತ್ತಾಗಲು ನಮಗಿಬ್ಬರಿಗೂ ಸ್ವಲ್ಪ ಹೊತ್ತು ಹಿಡಿಯಿತು. ನಾನು ತಾರಸಿಗೆ ಹೋಗಿ ಒಗೆದ ಬಟ್ಟೆಗಳ ಮಧ್ಯೆ ನಿಂತೆ. ಯಾರೋ ನನ್ನ ಹೆಗಲ ಮೇಲಿಂದ ಮೂಟೆ ಇಳಿಸಿದಂತಿತ್ತು. ಎಷ್ಟು ತಿಂಗಳಿಂದ ಹೊತ್ತಿದ್ದೆ ಎಂದು ಇಳಿಸಿದ ಮೇಲೆ ತಿಳಿಯಿತು.

ಈಗ ಯಂತ್ರ ಬಂದಿದೆ. ಕುರ್ಚಿಯ ಪಕ್ಕದಲ್ಲಿ ಗುರ್ ಎನ್ನುತ್ತಾ ಕುಳಿತಿದೆ. "ನಿಮ್ಮಪ್ಪ ಕೊನೆಗೂ ಮನೆಗೊಂದು ಎಂಜಿನ್ ತಂದ್ರು" ಎಂದು ಅಮ್ಮ ಕೆಳಮನೆಯ ದರ್ಜಿಯ ಹೆಂಡತಿಗೆ ಹೇಳುತ್ತಿದ್ದಳು. ಹೋದ ಶುಕ್ರವಾರ ನೀವು ನನಗೆ ಗ್ಯಾಸ್ ರೆಗ್ಯುಲೇಟರ್ ಯಾಕೆ ಸೋರುತ್ತದೆ ಎಂದು ವಿವರಿಸಿದಿರಿ. ವಾಷರ್ ಸವೆದಿದೆ ಎಂದು ಶುರುಮಾಡಿ ಅದನ್ನು ತಯಾರಿಸಿದವನ ಅಪ್ಪ ಅಜ್ಜಂದಿರವರೆಗೆ ಹೋದಿರಿ. ನಾನು ಸೌಟು ಹಿಡಿದು ನಿಂತೇ ಇದ್ದೆ, ಪಲ್ಯ ತಳ ಹಿಡಿಯಿತು. ನಿಮಗೆ ಅದು ಗ್ಯಾಸಿನ ಮಾತು. ನನಗೆ ಎಷ್ಟೋ ವರ್ಷಗಳ ಮೇಲೆ ನನ್ನಪ್ಪ ನನ್ನ ಜೊತೆ ಮಾತಾಡಿದ ಹಾಗಾಯಿತು.

ಒಳಗೆ ಹೇಳಿದ್ದು ಇಷ್ಟು, ಅಪ್ಪ. ನೀವು ವರ್ಷಗಟ್ಟಲೆ ಮುಚ್ಚಿಟ್ಟದ್ದನ್ನೆಲ್ಲ ನಾನು ಹತ್ತು ನಿಮಿಷದಲ್ಲಿ ಮೇಜಿನ ಮೇಲೆ ಸುರಿದೆ. ನಿಮ್ಮನ್ನು ಕೇಳದೆ ಸುರಿದೆ. ಮತ್ತೆ ಅದೇ ಕೋಣೆಗೆ ಹೋಗಬೇಕಾಗಿ ಬಂದರೆ ಮತ್ತೆ ಹಾಗೇ ಮಾಡುತ್ತೇನೆ, ಅದರಲ್ಲಿ ಅನುಮಾನವಿಲ್ಲ. ಆದರೂ ಕ್ಷಮೆ ಕೇಳುತ್ತಿದ್ದೇನೆ. ಎರಡೂ ಒಟ್ಟಿಗೆ ಹೇಗೆ ನಿಜವಾಗುತ್ತವೆ ಎಂದು ನನ್ನನ್ನು ಕೇಳಬೇಡಿ.

ಗುರುವಾರ ಶ್ವಾಸಕೋಶದ ವಿಭಾಗದಲ್ಲಿ ನಿಮ್ಮ ಮೊದಲ ಭೇಟಿ. ನಾನು ರಜೆ ಹಾಕಿದ್ದೇನೆ, ಜೊತೆಗೆ ಬರುತ್ತೇನೆ. ಆದರೆ ಹೊರಗಿನ ಬೆಂಚಿನ ಮೇಲೆ ಕೂರುತ್ತೇನೆ, ಒಳಗೆ ಬರುವುದಿಲ್ಲ. ನಿಮ್ಮ ಪರವಾಗಿ ಒಂದು ಸಲ ಮಾತಾಡಿದ್ದು ಸಾಕು. ಡಾಕ್ಟರು ಕೇಳಿದ್ದಕ್ಕೆ ಏನು ಹೇಳುತ್ತೀರೋ ಅದು ನಿಮಗೆ ಬಿಟ್ಟದ್ದು. ಹೊರಬಂದ ಮೇಲೆ ಒಳಗೆ ಏನು ಹೇಳಿದಿರಿ ಎಂದು ನಾನು ಕೇಳುವುದಿಲ್ಲ. ನೀವಾಗಿ ಹೇಳಿದರೆ ಕೇಳುತ್ತೇನೆ.

ಬೆಲ್ ಹೊಡೆಯಿತು. ಏಳನೇ ತರಗತಿಯವರು ಕಾಯುತ್ತಿದ್ದಾರೆ. ಸಂಜೆ ಇದನ್ನು ನಿಮ್ಮ ಕನ್ನಡಕದ ಡಬ್ಬಿಯ ಕೆಳಗೆ ಇಟ್ಟು ಅಮ್ಮನ ಜೊತೆ ತರಕಾರಿಗೆ ಹೋಗುತ್ತೇನೆ. ಓದಿ ಮುಗಿಸಲು ಸಮಯ ಸಿಗಲಿ ಎಂದು ಸ್ವಲ್ಪ ನಿಧಾನವಾಗಿಯೇ ಬರುತ್ತೇವೆ. ಬೈಯುವುದಿದ್ದರೆ ಧಾರಾಳವಾಗಿ ಬೈಯಿರಿ. ನಡುವೆ ಎಲ್ಲೂ ನಿಲ್ಲದೆ, ಒಂದೇ ಉಸಿರಿಗೆ ಪೂರ್ತಿ ಬೈದು ಮುಗಿಸುವಷ್ಟು ಗಾಳಿ ನಿಮ್ಮೆದೆಯಲ್ಲಿ ತುಂಬಿರಲಿ. ನಾನು ಎದುರಿಗೆ ನಿಂತು ಕೊನೆಯ ಮಾತಿನವರೆಗೂ ಕೇಳಿಸಿಕೊಳ್ಳುತ್ತೇನೆ.

ನಿಮ್ಮ ಮಾತು ಮೀರಿದ ಮಗಳು,
ಮೇಷ್ಟ್ರಮ್ಮ